ನಡುವೆ ಚೌಕವಿದ್ದ ಹೂವು

ಬಾಟಿಕ್ ಮೇಷ್ಟ್ರು ತೀರಿಕೊಂಡ ಮೇಲೆ ಭದ್ರಾವತಿಯ ಕಾಗದನಗರದ ನಮ್ಮ ಹೆಂಗಸರ ಸಮಾಜದಲ್ಲಿ ಸಂತಾಪ ಸಭೆ ನಡೆಯಿತು. ಸಂತಾಪ ಬೇಗ ಮುಗಿಯಿತು. ಜಗಳ ಮಾತ್ರ ದೀಪ ಹಚ್ಚುವ ಹೊತ್ತಿನವರೆಗೂ ಎಳೆಯಿತು.

ತಪ್ಪು ಸಮಾಜದ ಅಧ್ಯಕ್ಷೆಯವರದು. ಅವರು ಇಂಜಿನಿಯರೊಬ್ಬರ ಹೆಂಡತಿ, ತಮಿಳಿನವರು, ಸಭೆ ಅಂದರೆ ಒಂದು ನಿರ್ಣಯವಾದರೂ ಆಗಬೇಕು ಅನ್ನುವವರು. ಮೇಷ್ಟ್ರು ಬದುಕಿಡೀ ಸೀರೆಗಳ ಮೇಲೆ ಒಂದೇ ಹೂವನ್ನು ಅರಳಿಸಿದರು, ಅವರ ನೆನಪಿಗೆ ಅದೇ ಹೂವಿನ ಗಿಡವನ್ನು ಸಮಾಜದ ಅಂಗಳದಲ್ಲಿ ನೆಡೋಣ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಯಾರೋ ಕೇಳಿದರು: ಯಾವ ಹೂವು?

ಮಲ್ಲಿಗೆ, ಇದರಲ್ಲಿ ಕೇಳುವುದೇನಿದೆ, ಎಂದರು ಅಧ್ಯಕ್ಷೆ. ನಮ್ಮಮ್ಮ ಎದ್ದು ನಿಂತು ಮಲ್ಲಿಗೆಯಲ್ಲ, ತುಂಬೆ, ಶಿವನಿಗೆ ಪ್ರಿಯವಾದ ತುಂಬೆ, ಮೇಷ್ಟ್ರೇ ನನಗೆ ಬಾಯಾರೆ ಹೇಳಿದ್ದಾರೆ ಎಂದರು. ಫೋರ್‌ಮನ್ನರ ಹೆಂಡತಿ, ತೆಲುಗಿನವರು, ಕಮಲ ಎಂದರು. ಓಲ್ಡ್ ಟೌನಿನ ಗುಜರಿ ಸಾಬರ ಮಗಳು ತನ್ನ ನಿಕಾಹ್‌ನ ದುಪಟ್ಟಾ ಬಿಡಿಸಿ ಗುಲಾಬ್ ಎಂದಳು. ಮೇಷ್ಟ್ರ ಕೈಕೆಲಸದ ಪ್ರದರ್ಶನಕ್ಕೆಂದು ಎಲ್ಲರೂ ತಂತಮ್ಮ ಸೀರೆ ತಂದಿದ್ದರು. ಅವೆಲ್ಲ ಈಗ ಬೆಂಚುಗಳ ಮೇಲೆ ಸಾಕ್ಷಿಗಳಾಗಿ ಹಾಸಿಕೊಂಡವು. ಮಲ್ಲಿಗೆ, ತುಂಬೆ, ಕಮಲ, ಗುಲಾಬ್. ಎಲ್ಲದಕ್ಕೂ ಅದೇ ಐದು ಎಸಳು, ಅದೇ ಗಾತ್ರ. ಎಲ್ಲದರ ನಡುವೆ, ಹೂವಿಗೆ ಕೇಸರ ಇರಬೇಕಾದ ಜಾಗದಲ್ಲಿ, ಮಟ್ಟಸವಾದ ಒಂದು ಚೌಕ.

ಹಿಂದಿನ ಬೆಂಚಿನಲ್ಲಿ ಕೂತು ನಾನು ಈ ಕುರುಕ್ಷೇತ್ರವನ್ನು ನೋಡುತ್ತಿದ್ದೆ. ಆ ಹೂವು ಯಾವುದೆಂದು ಅಲ್ಲಿ ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು, ಬಾಗಿಲ ಬಳಿ ಟೋಪಿ ಸರಿಮಾಡಿಕೊಳ್ಳುತ್ತ ಕೂತಿದ್ದ ಗುಜರಿ ಸಾಬರು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಯಾಕೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಶಿವಮೊಗ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ನಿಂತು ಬೆಳೆದವಳು. ಆಧಾರವಿಲ್ಲದ ಮಾತನ್ನು ಒಪ್ಪಬಾರದು ಅನ್ನುವುದು ನಮಗೆ ಮೊದಲ ಪಾಠ. ಮೇಷ್ಟ್ರು ಆಧಾರವಿರುವ ಮಾತನ್ನು ಆಡಿದ್ದು ನಾನಂತೂ ಕೇಳಿಲ್ಲ. ಹೀಗಾಗಿ ನಮ್ಮ ಪರಿಚಯ ಶುರುವಾದದ್ದೇ ಜಗಳದಿಂದ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ.

ನಾನು ಕಾಲೇಜಿಗೆ ಹೋಗುತ್ತಿದ್ದೆ. ಅವರು ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಿಗೆ ಸೀರೆ ತೋರಿಸಲು ಹೋಗುತ್ತಿದ್ದರು. ಬಿಳಿ ಕೋಟು, ಬಗಲಲ್ಲಿ ಕೊಡೆ, ತೊಡೆಯ ಮೇಲೆ ಗಂಟು. ಬೆರಳುಗಳು ಮಾತ್ರ ಉಗುರಿನವರೆಗೂ ನೀಲಿ. ಆ ಬೆರಳಲ್ಲಿ ತಿಂಡಿ ಮುಟ್ಟಲು ಅವರಿಗೇ ಹೇಸಿಗೆಯಾಗಿ ಹೋಟೆಲಿನಲ್ಲಿ ದೋಸೆಯನ್ನೂ ಚಮಚದಲ್ಲಿ ತಿನ್ನುತ್ತಿದ್ದರು. ಕೇಳಿದವರಿಗೆ ಜಾವಾದಲ್ಲಿ ಹೀಗೇ ತಿನ್ನೋದು ಅನ್ನುತ್ತಿದ್ದರು.

ಜಾವಾ ಅವರ ಬ್ರಹ್ಮಾಸ್ತ್ರ. ಬಾಟಿಕ್ಕನ್ನು ಅವರು ಜಾವಾದ್ವೀಪದಲ್ಲಿ ಗುರುಮುಖೇನ ಕಲಿತದ್ದಂತೆ. ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿದ್ದದ್ದು ಊರಿಗೆಲ್ಲ ಗೊತ್ತು. ಯಾವ ಬೇಸಿಗೆ ರಜೆಯಲ್ಲಿ ಸಮುದ್ರ ದಾಟಿ ಹೋಗಿ ಬಂದರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಜಾವಾದಲ್ಲಿ ಯಾವ ಊರಿನಲ್ಲಿದ್ದಿರಿ ಮೇಷ್ಟ್ರೇ ಎಂದು ಒಂದು ದಿನ ರೈಲಿನಲ್ಲಿ ಎಲ್ಲರೂ ಕೇಳುವಂತೆ ಕೇಳಿದೆ.

“ನಾನು ಹೋಗಿದ್ದು ಬಣ್ಣ ಕಲಿಯೋಕೆ ಮಾರಾಯ್ತಿ, ಭೂಗೋಳ ಕಲಿಯೋಕಲ್ಲ,” ಎಂದರು. ಡಬ್ಬಿಯ ಜನ ನಕ್ಕರು. ನಕ್ಕದ್ದು ನನ್ನನ್ನು ನೋಡಿ. ಉತ್ತರ ಕೊಡದೆ ಗೆಲ್ಲುವ ಕಲೆ ನಮ್ಮ ಕಾಲೇಜಿನಲ್ಲಿ ಕಲಿಸುತ್ತಿರಲಿಲ್ಲ.

ಬಾಟಿಕ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಬಟ್ಟೆಯ ಮೇಲೆ ಬಿಸಿ ಮೇಣದಿಂದ ಚಿತ್ರ ಬರೆಯಬೇಕು, ಇಲ್ಲವೇ ಮೇಣದಲ್ಲಿ ಅದ್ದಿದ ಅಚ್ಚು ಒತ್ತಬೇಕು. ಮೇಣ ಆರಿದ ಮೇಲೆ ಬಟ್ಟೆಯನ್ನು ತಣ್ಣಗಿನ ಬಣ್ಣದಲ್ಲಿ ಮುಳುಗಿಸಬೇಕು. ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ. ಕೊನೆಗೆ ಕುದಿನೀರಿಗೆ ಹಾಕಿ ಮೇಣ ಕರಗಿಸಿದರೆ ಬಣ್ಣದ ನಡುವೆ ಬಿಳಿ ಚಿತ್ರ ಉಳಿಯುತ್ತದೆ. ಆರಿದ ಮೇಣ ಅಲ್ಲಲ್ಲಿ ಬಿರಿದು, ಆ ಬಿರುಕಿನೊಳಗೆ ಬಣ್ಣ ಇಳಿದು, ಕೂದಲೆಳೆಯಂಥ ಗೆರೆಗಳೂ ಮೂಡುತ್ತವೆ. ಬಲ್ಲವರು ಅದನ್ನೇ ಬಾಟಿಕ್ಕಿನ ಸೊಗಸು ಎನ್ನುತ್ತಾರಂತೆ.

ನಮ್ಮ ಸಮಾಜದಲ್ಲಿ ನಡೆದ ಮೊದಲ ತರಗತಿಯಲ್ಲಿ ಮೇಷ್ಟ್ರು ಬಣ್ಣವನ್ನೂ ಕುದಿಸಿಬಿಟ್ಟರು. ಸೀರೆ ಒಳಗೆ ಹೋದದ್ದೇ ಮೇಣವೆಲ್ಲ ಕರಗಿ ಮೇಲೆ ತೇಲಿತು. ಹೂವೂ ಇಲ್ಲ, ಬಳ್ಳಿಯೂ ಇಲ್ಲ, ಇಡೀ ಸೀರೆ ನೇರಳೆ ಹಣ್ಣಿನ ಹಾಗೆ ಒಂದೇ ಬಣ್ಣವಾಗಿ ಹೊರಬಂತು. ಬೇರೆಯವರಾದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಇದು ನಿರಾಕಾರ ಬಾಟಿಕ್, ಜಾವಾದಲ್ಲಿ ತೀರಾ ಹಿರಿಯರು ಮಾತ್ರ ಉಡ್ತಾರೆ ಎಂದರು. ಅಧ್ಯಕ್ಷೆಯವರು ಅದನ್ನು ಅಲ್ಲೇ ಕೊಂಡರು. ಮುಂದಿನ ಹಬ್ಬಕ್ಕೆ ಉಟ್ಟೂ ಉಟ್ಟರು.

ಹೀಗೆ ಕೆಟ್ಟದ್ದೆಲ್ಲ ಒಂದೊಂದು ಶೈಲಿಯಾಯಿತು. ಒಣಹಾಕಿದ ಬಟ್ಟೆಯ ಮೇಲೆ ಕಾರ್ಖಾನೆ ಚಿಮಣಿಯ ಮಸಿ ಕೂತು ಚುಕ್ಕೆಯಾದರೆ ಭದ್ರಾವತಿ ಶೈಲಿ. ಕಾಡಿನವರಿಂದ ತಂದ ಜೇನುಮೇಣವನ್ನು ಸರಿಯಾಗಿ ಸೋಸದೆ ಸೀರೆಗೆ ಇರುವೆ ಮುತ್ತಿದರೆ ಅದು ಮೇಣ ಶುದ್ಧ ಅನ್ನುವುದಕ್ಕೆ ಇರುವೆಗಳು ಕೊಟ್ಟ ಸರ್ಟಿಫಿಕೇಟು. ನೈಲಾನ್ ಸೀರೆಗೆ ಬಣ್ಣವೇ ಹತ್ತದೆ ಜಾರಿಹೋದಾಗ ಮಾತ್ರ ಅವರು ಸೋತರು. ಆ ದಿನದಿಂದ ನೈಲಾನ್ ಉಡುವ ಹೆಂಗಸರನ್ನು ಕಂಡರೆ ಕೊಡೆ ಅಡ್ಡ ಹಿಡಿದು ಹೋಗುತ್ತಿದ್ದರು.

“ಬಟ್ಟೆ ಸುಳ್ಳು ಹೇಳಲ್ಲ” ಅನ್ನುವುದು ಅವರ ನಿತ್ಯದ ಮಾತು. ಅದೊಂದು ನಿಜ. ಹೇಳುವುದೆಲ್ಲ ಅವರೇ ಹೇಳಿ ಮುಗಿಸಿರುತ್ತಿದ್ದರಿಂದ ಬಟ್ಟೆಗೆ ಅವಕಾಶವೇ ಇರುತ್ತಿರಲಿಲ್ಲ.

ಅವರ ಅಚ್ಚಿನ ವಿಷಯಕ್ಕೆ ಬರುತ್ತೇನೆ. ಅದು ಗುರುಗಳು ಕೊಟ್ಟದ್ದು, ತಲೆತಲಾಂತರದ್ದು. ಕೆಂಪು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ತರಗತಿಯ ದಿನ ಅದಕ್ಕೆ ಊದಿನಕಡ್ಡಿ ಬೆಳಗಿ, ಪರದೆಯ ಹಿಂದೆ ತಾವೊಬ್ಬರೇ ಕೂತು ಒತ್ತಿ, ಮತ್ತೆ ಸುತ್ತಿಡುತ್ತಿದ್ದರು. ಶಿಷ್ಯೆಯರಿಗೆ ಕಾಣುತ್ತಿದ್ದದ್ದು ಬಟ್ಟೆಯ ಮೇಲೆ ಮೂಡಿದ ಮೇಣದ ಹೂವು ಮಾತ್ರ. ಸುತ್ತಲಿನ ಎಲೆ, ಬಳ್ಳಿ, ಅಂಚು ಶಿಷ್ಯೆಯರೇ ಕುಂಚದಲ್ಲಿ ತುಂಬಬೇಕು. ಒಂದೇ ಅಚ್ಚು ಇದ್ದದ್ದರಿಂದ ಹೂವೂ ಒಂದೇ. ಹೆಸರಿಗೇನು ಬಡತನ? ಕೊಳ್ಳುವವರ ಹಣೆ, ಕೊರಳು, ಮಾತಿನ ಧಾಟಿ ನೋಡಿ ಹೂವಿಗೆ ನಾಮಕರಣ ಮಾಡುತ್ತಿದ್ದರು. ಚೌಕ ಯಾಕೆ ಎಂದು ಕೇಳಿದವರಿಗೂ ಹಾಗೆಯೇ: ತಮಿಳಿನವರಿಗೆ ಅದು ಕೋಲಂ ರಂಗೋಲಿಯ ಮನೆ, ಸಾಬರಿಗೆ ಬಾಗ್ ಎನ್ನುವ ನಾಲ್ಕು ಮೂಲೆಯ ಹೂದೋಟ, ನಮ್ಮಂಥವರಿಗೆ ಶಿವನ ಪೀಠ.

ನನಗೆ ಆ ಚೌಕ ಕಣ್ಣಿಗೆ ಬಿದ್ದ ಕಸದ ಹಾಗೆ ಒತ್ತುತ್ತಿತ್ತು. ಹೂವು ಬಿಡಿಸುವವನು ಯಾರಾದರೂ ಚೌಕ ಬಿಡಿಸುತ್ತಾನೆಯೇ? ಬಾಟನಿ ಓದುವ ಗೆಳತಿಯರನ್ನು ಕೇಳಿದೆ. ಅಂಥ ಹೂವು ಇಲ್ಲ ಎಂದರು. ಇಲ್ಲದ ಹೂವಿಗೆ ನಾಲ್ಕು ಹೆಸರು ಇರುವುದು ಹೇಗೆ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಮನೆಯ ಸ್ಟವ್ವಿನ ಬರ್ನರ್ ಕೆಟ್ಟ ದಿನ.

ಹಳೆಯ ಬರ್ನರ್ ಹುಡುಕಿಕೊಂಡು ಓಲ್ಡ್ ಟೌನಿನ ಗುಜರಿ ಅಂಗಡಿಗೆ ಹೋಗಿದ್ದೆ. ಸಾಬರು ಒಳಗೆ ತಡಕಾಡುತ್ತಿದ್ದರು. ಗೋಡೆಯ ಮೊಳೆಗೆ ಒಂದು ಕಬ್ಬಿಣದ ಚಕ್ರ ನೇತುಹಾಕಿತ್ತು. ದೊಡ್ಡ ನೀರಿನ ಪೈಪುಗಳ ವಾಲ್ವು ತಿರುಗಿಸುತ್ತಾರಲ್ಲ, ಆ ಹಿಡಿಚಕ್ರ. ಕೈಗೆ ಹಿಡಿತ ಸಿಗಲೆಂದು ಅಂಚು ಐದು ಕಡೆ ಉಬ್ಬಿ ಎಸಳಿನಂತಿತ್ತು. ಸರಳು ಕೂರಲೆಂದು ನಡುವೆ ಒಂದು ತೂತು. ತೂತು ಚೌಕ.

ಚಕ್ರವನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ತುಂಬೆ ಹೂವು ಒಳ್ಳೇ ಭಾರ ಇತ್ತು.

ಇದರ ಜೊತೆದು ಇನ್ನೊಂದು ಇರಬೇಕಲ್ಲ ಸಾಬರೇ ಎಂದೆ. ಸಾಬರು ಮುಸುಮುಸು ನಕ್ಕರು. ಜೋಡಿ ಬಂದಿತ್ತು, ಒಂದನ್ನು ಮೇಷ್ಟ್ರು ಒಯ್ದರು, ಏನಕ್ಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಮಗಳ ದುಪಟ್ಟಾ ಬಂದಾಗ ಗೊತ್ತಾಯಿತು ಎಂದರು.

“ಗೊತ್ತಿದ್ದೂ ಗುಲಾಬ್ ಅಂತೀರಲ್ಲ?”

“ಮತ್ತೇನ್ ಅನ್ಲಿ ಬೇಟಿ? ಮಗಳ ನಿಕಾಹ್‌ದ ದುಪಟ್ಟಾದಾಗೆ ನಲ್ಲಿ ಐತೆ ಅನ್ಲಾ?”

ಅವರ ತರ್ಕದಲ್ಲಿ ದೋಷ ಇರಲಿಲ್ಲ. ಇದ್ದದ್ದು ನನ್ನ ಸಂತೋಷದಲ್ಲಿ. ನನ್ನ ಕೈಗೆ ಈಗ ಯಾರೂ ತಳ್ಳಿಹಾಕಲಾರದ ಸಾಕ್ಷ್ಯ ಸಿಕ್ಕಿತ್ತು. ಇದನ್ನು ಎಲ್ಲಿ, ಯಾರ ಮುಂದೆ ಇಟ್ಟರೆ ಮೇಷ್ಟ್ರ ಜಾವಾ ಒಂದೇ ಏಟಿಗೆ ಮುಳುಗುತ್ತದೆ ಎಂದು ರೈಲಿನಲ್ಲಿ ದಿನವೂ ಲೆಕ್ಕ ಹಾಕುತ್ತಿದ್ದೆ. ಗುರಿ ನೋಡಿ ಹೊಡೆಯಬೇಕು, ಅವಸರ ಮಾಡಬಾರದು.

ಅಷ್ಟರಲ್ಲಿ ಅಕ್ಕನಿಗೆ ಸಂಬಂಧ ಬಂತು.

ಅಕ್ಕನಿಗೆ ಮೊದಲು ಬಂದ ಸಂಬಂಧಗಳು ಒಂದಲ್ಲ ಒಂದು ಕಾರಣಕ್ಕೆ ಮುರಿದಿದ್ದವು. ಅದರಲ್ಲೊಂದು ಕಾರಣ ನಾನೇ ಎಂದು ಅಮ್ಮನ ನಂಬಿಕೆ. ಈ ಹುಡುಗ ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು, ಮನೆ ಹೊಳಲೂರು, ನಮ್ಮವರೇ. ಅಕ್ಕನಿಗೆ ಒಪ್ಪಿಗೆಯಾಗಿತ್ತು. ಅವಳು ಬಾಯಿಬಿಟ್ಟು ಹೇಳಲಿಲ್ಲ. ವೀಳ್ಯಶಾಸ್ತ್ರಕ್ಕೆ ಉಡಲೆಂದು ಒಂದು ಸೀರೆಗೆ ಊಟ ಬಿಟ್ಟು ಮೇಣ ಬಳಿಯುತ್ತ ಕೂತಳು, ಅದರಿಂದ ತಿಳಿಯಿತು. ಮೇಷ್ಟ್ರು ಹೂವು ಒತ್ತಿಕೊಟ್ಟರು, ಮಿಕ್ಕದ್ದೆಲ್ಲ ಅವಳದೇ. ಕುಂಕುಮದ ಬಣ್ಣ, ಅದರ ಮೇಲೆ ಬಿಳಿ ಹೂವು, ಮೈತುಂಬ ಎಳೆ ಎಳೆ ಗೆರೆ. ವಾಲ್ವಿನ ಚಕ್ರವನ್ನು ಮರೆತು ನೋಡಿದರೆ ಸೀರೆ ಚೆನ್ನಾಗಿಯೇ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಶಾಸ್ತ್ರದ ದಿನ ಹುಡುಗನ ಕಡೆಯಿಂದ ಯಜಮಾನಿಕೆ ಮಾಡಲು ಬಂದವರು ಅವನ ಅಜ್ಜಿ. ಗದ್ದೆ, ಮನೆ, ಮಕ್ಕಳು, ಸೊಸೆಯರು ಎಲ್ಲ ಅವರ ಒಂದು ಕೆಮ್ಮಿಗೆ ನಿಲ್ಲುತ್ತಿದ್ದರು. ಅಕ್ಕ ಬಂದು ಕೂತಳು. ಅಜ್ಜಿ ಎಲೆಯಡಿಕೆ ಕೈಗೆತ್ತಿಕೊಂಡು, ಇನ್ನೇನು ಕೊಡಬೇಕು, ಅಷ್ಟರಲ್ಲಿ ಅಕ್ಕನ ಸೆರಗು ಹಿಡಿದು ಕಣ್ಣ ಹತ್ತಿರ ತಂದರು.

“ಇದೇನು, ಸೀರೆ ತುಂಬ ಬಿರುಕು?”

ಅಮ್ಮ ನನ್ನತ್ತ ನೋಡಿದರು. ಮಾತಾಡಬೇಡ ಅನ್ನುವ ನೋಟ ಅದು. ಆದರೆ ಪ್ರಶ್ನೆ ಬಂದಿತ್ತು, ಉತ್ತರ ನನಗೆ ಗೊತ್ತಿತ್ತು. ಮೇಣ ಆರುವುದು, ಬಿರಿಯುವುದು, ಬಣ್ಣ ಇಳಿಯುವುದು, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ.

“ಹಂಗಾದ್ರೆ ಬಿರುಕು ಹೌದು ಅಂದಂಗಾಯ್ತು,” ಎಂದರು ಅಜ್ಜಿ.

“ಬಿರುಕು ಮೇಣದ್ದು ಅಜ್ಜಿ, ಬಟ್ಟೆದಲ್ಲ.”

“ಕಾಣ್ತಿರೋದು ಬಟ್ಟೆ ಮೇಲೆ ತಾನೆ?”

ಎದುರಾಳಿಗೆ ಬೇಕಾದ ಮಾತನ್ನು ನಾವೇ ಒಪ್ಪಿಕೊಟ್ಟುಬಿಡುವುದು ಅನ್ನುತ್ತೇವಲ್ಲ, ಅದನ್ನೇ ನಾನು ಮಾಡಿದ್ದೆ. ಅಜ್ಜಿ ಸಾವಕಾಶವಾಗಿ ಹೇಳಿದರು: ಬಿರುಕು ಬಿಟ್ಟ ಬಳೆ ತೊಡುವುದಿಲ್ಲ, ಬಿರುಕು ಬಿಟ್ಟ ಕನ್ನಡಿಯಲ್ಲಿ ಮುಖ ನೋಡುವುದಿಲ್ಲ, ಒಳ್ಳೇ ಕೆಲಸಕ್ಕೆ ಬಿರುಕು ಬಿಟ್ಟ ಸೀರೆ ಉಟ್ಟು ಕೂತಿದ್ದಾಳಲ್ಲ. ಬೇರೆ ಉಟ್ಟುಕೊಂಡು ಬರುತ್ತಾಳೆ ಎಂದು ಅಮ್ಮ ಎದ್ದರು. ಉಟ್ಟು ಕೂತಾಯ್ತಲ್ಲ, ಸೀರೆ ಬದಲಾಯಿಸಿದರೆ ಶಕುನ ಬದಲಾಗುತ್ತದೆಯೇ ಎಂದು ಅಜ್ಜಿ ಕೇಳಿದರು. ಕೇಳಿ, ಕೈಯಲ್ಲಿದ್ದ ಎಲೆಯಡಿಕೆಯನ್ನು ತಿರುಗಿ ತಟ್ಟೆಗೆ ಇಟ್ಟರು.

ತಟ್ಟೆಯಿಂದ ಎತ್ತಿದ ಎಲೆ ಮತ್ತೆ ತಟ್ಟೆಗೆ ಹೋದರೆ ಏನರ್ಥ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಹುಡುಗ ನೆಲ ನೋಡುತ್ತಿದ್ದ. ಅಪ್ಪ ಅಂಗವಸ್ತ್ರದ ತುದಿ ಮಡಚುತ್ತಿದ್ದರು. ಅಕ್ಕ ಅಳಲಿಲ್ಲ, ಆ ಎಲೆಯನ್ನೇ ನೋಡುತ್ತ ಕೂತಳು.

ಮೂಲೆಯಲ್ಲಿ ಮೇಷ್ಟ್ರು ಚಮಚದಲ್ಲಿ ಕೇಸರಿಬಾತು ತಿನ್ನುತ್ತಿದ್ದರು. ತಟ್ಟೆ ಕೆಳಗಿಟ್ಟು, ನೀಲಿ ಬೆರಳನ್ನು ಕೋಟಿಗೆ ಒರೆಸಿಕೊಂಡು ಬಂದು ಅಜ್ಜಿಯ ಪಕ್ಕ ಚಾಪೆಯ ಮೇಲೆ ಕೂತರು.

“ಅಮ್ಮಾ, ನಿಮ್ಮ ಗದ್ದೆಗೆ ನೀರು ಎಲ್ಲಿಂದ ಬರುತ್ತೆ?”

ತುಂಗೆಯ ಚಾನಲ್ಲಿನಿಂದ, ಮತ್ತೆಲ್ಲಿಂದ, ಎಂದರು ಅಜ್ಜಿ.

“ಏರಿ ಮೇಲೆ ನಿಂತು ಕೆಳಗೆ ನೋಡಿದೀರಲ್ಲ? ದೊಡ್ಡ ಕಾಲುವೆ. ಅದರಿಂದ ಒಡೆದು ಚಿಕ್ಕದು. ಅದರಿಂದ ಬದುವಿನ ಪಕ್ಕದ್ದು, ದಾರದಷ್ಟು. ಈಗ ಇಲ್ಲಿ ನೋಡಿ.”

ಅಜ್ಜಿ ನೋಡಿದರು. ಅವರ ಬೆರಳು ಸೆರಗಿನ ಒಂದು ಗೆರೆ ಹಿಡಿದು ಹೊರಟಿತು. ಕವಲು ಬಂದಲ್ಲಿ ನಿಂತಿತು, ಒಂದು ಕವಲು ಹಿಡಿದು ಮತ್ತೆ ಹೊರಟಿತು. ಮೇಲಿನ ಗದ್ದೆಯವರು ಕಟ್ಟೆ ಹಾಕಿ ನೀರು ತಡೆಯುತ್ತಾರೆಂದು ಅವರು ಹೊಳಲೂರಿನಲ್ಲಿ ಅರ್ಧ ಊರಿನೊಂದಿಗೆ ಮಾತು ಬಿಟ್ಟಿದ್ದ ಸಂಗತಿ ನಮಗೆ ಆಮೇಲೆ ತಿಳಿಯಿತು. ಮೇಷ್ಟ್ರಿಗೆ ಮೊದಲೇ ತಿಳಿದಿತ್ತೋ ಏನೋ, ದೇವರೇ ಬಲ್ಲ.

“ಕೊನೇ ಗದ್ದೆಗೂ ಹೋಗಿದ್ಯಾ ನೀರು?” ಎಂದು ಅಜ್ಜಿ ಕೇಳಿದರು. ದನಿ ಬೇರೆಯಾಗಿತ್ತು.

ಮೇಷ್ಟ್ರು ಸೆರಗನ್ನು ಬೆಳಕಿಗೆ ಎತ್ತಿ ಒಂದು ಕಣ್ಣು ಮುಚ್ಚಿದರು. “ಹೋಗಿದೆ ಅಮ್ಮಾ. ತುದಿವರೆಗೂ ಹೋಗಿದೆ. ನಡುವೆ ಯಾರೂ ಕಟ್ಟಿಲ್ಲ.”

ಅಜ್ಜಿ ಸೆರಗು ಸವರಿದರು. ಆಮೇಲೆ ಬೆರಳು ಹೂವಿನ ಮೇಲೆ ನಿಂತಿತು. ಇದು ಯಾವ ಹೂವು ಎಂದರು. ತುಂಬೆ ಎಂದರು ಮೇಷ್ಟ್ರು. ತುಂಬೆ ಇಷ್ಟು ದಪ್ಪ ಇರುತ್ತದೆಯೇ ಎಂದರು ಅಜ್ಜಿ. ಶಿವನ ತಲೆ ಮೇಲೆ ಕೂತದ್ದಲ್ಲವಾ, ಸ್ವಲ್ಪ ದಪ್ಪ ಆಗಿದೆ ಎಂದರು ಮೇಷ್ಟ್ರು. ಮತ್ತೆ ನಡುವೆ ಚೌಕ? ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅಜ್ಜಿ ಅವರನ್ನು ಕೈಯಲ್ಲಿ ತಡೆದು ನನ್ನ ಕಡೆ ತಿರುಗಿದರು.

“ನೀನು ಹೇಳೇ. ನಿನಗೆ ಎಲ್ಲ ಗೊತ್ತಲ್ಲ. ಈ ಚೌಕ ಏನು?”

ನಾನು ತಿಂಗಳುಗಟ್ಟಲೆ ಕಾದ ಗಳಿಗೆ ಇದೇ. ಸಭೆ ತುಂಬಿತ್ತು, ಪ್ರಶ್ನೆ ನೇರ ಇತ್ತು, ಉತ್ತರ ಓಲ್ಡ್ ಟೌನಿನ ಮೊಳೆಯ ಮೇಲೆ ನೇತಾಡುತ್ತಿತ್ತು. ಮೇಷ್ಟ್ರು ನನ್ನ ಮುಖ ನೋಡುತ್ತಿದ್ದರು. ಅಕ್ಕ ನೋಡುತ್ತಿರಲಿಲ್ಲ. ಅವಳ ಕಣ್ಣು ಇನ್ನೂ ಎಲೆಯ ಮೇಲೇ ಇತ್ತು.

“ಶಿವನ ಪೀಠ ಅಜ್ಜಿ,” ಎಂದೆ. “ಹೂವು ಅದರ ಮೇಲೇ ಕೂತಿರೋದು.”

ಅಜ್ಜಿ ಎಲೆಯಡಿಕೆ ಎತ್ತಿ ಅಕ್ಕನ ಕೈಗೆ ಕೊಟ್ಟರು.

ಊಟ ಮುಗಿಸಿ ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿ ಕೊಡೆ ಬಿಚ್ಚುತ್ತ, ನೀನು ಜಾವಾಕ್ಕೆ ಹೋಗಬೇಕಿತ್ತು ಮಾರಾಯ್ತಿ ಎಂದರು. ಗುಜರಿ ಅಂಗಡಿಗೆ ಹೋಗಿದ್ದೆ ಮೇಷ್ಟ್ರೇ, ಅಷ್ಟೇ ಸಾಕಾಯಿತು ಎಂದೆ. ಕೊಡೆ ಅರ್ಧಕ್ಕೇ ನಿಂತಿತು.

“ಹಂಗಾದ್ರೆ ಗೊತ್ತಿದ್ದೇ ಪೀಠ ಅಂದಿದ್ದು,” ಎಂದರು. ಕೊಡೆ ಪೂರ್ತಿ ಬಿಚ್ಚಿ ಮುಂದುವರಿಸಿದರು: “ಅದೇ ನೋಡು ಬಾಟಿಕ್. ಎಲ್ಲಿ ಬಣ್ಣ ಹತ್ತಬಾರದೋ ಅಲ್ಲಿ ಮೇಣ ಬಳಿಯೋದು.”

ಇಂಥ ಮಾತುಗಳನ್ನು ಅವರು ಮನೆಯಲ್ಲೇ ತಯಾರಿಸಿ ಕೋಟಿನ ಜೇಬಿನಲ್ಲಿ ತರುತ್ತಿದ್ದರು ಎಂದು ನನ್ನ ಗುಮಾನಿ.

ಇದರಿಂದ ನನಗೆ ಅವರ ಮೇಲೆ ಗೌರವ ಹುಟ್ಟಿತು ಎಂದು ಓದುವವರು ತಿಳಿಯಬಾರದು. ಸುಳ್ಳು ಒಂದು ಮದುವೆ ಉಳಿಸಿದ ಮಾತ್ರಕ್ಕೆ ನಿಜವಾಗುವುದಿಲ್ಲ. ಅಜ್ಜಿಯ ಶಕುನವೂ ಸುಳ್ಳು, ಮೇಷ್ಟ್ರ ಕಾಲುವೆಯೂ ಸುಳ್ಳು. ದೊಡ್ಡ ಸುಳ್ಳು ಚಿಕ್ಕದನ್ನು ನುಂಗಿತು, ಅಷ್ಟೇ. ಆಮೇಲೂ ರೈಲಿನಲ್ಲಿ ನಾವು ಜಗಳವಾಡುತ್ತಲೇ ಇದ್ದೆವು. ಒಂದು ವ್ಯತ್ಯಾಸ ಮಾತ್ರ ಆಗಿತ್ತು. ಹೊಸಬರು ಯಾರಾದರೂ ಚೌಕದ ಬಗ್ಗೆ ಕೇಳಿದರೆ ಅವರು ನನ್ನತ್ತ ಕೈ ತೋರಿಸಿ, ಇವಳನ್ನು ಕೇಳಿ, ಕಾಲೇಜು ಓದಿದವಳು ಅನ್ನುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಈಗ ಸಂತಾಪ ಸಭೆಗೆ ಬರೋಣ. ಮಲ್ಲಿಗೆಯವರು ಒಂದು ಬೆಂಚಿಗೆ, ತುಂಬೆಯವರು ಒಂದು ಬೆಂಚಿಗೆ ಆಗಿದ್ದರು. ಕಮಲಕ್ಕೆ ಕೊಳ ತೋಡಬೇಕಾಗುತ್ತದೆ ಎಂದು ಯಾರೋ ಅಂದದ್ದಕ್ಕೆ ಫೋರ್‌ಮನ್ನರ ಹೆಂಡತಿ ಎದ್ದು ಹೊರಟೇಬಿಟ್ಟಿದ್ದರು. ಕೊನೆಗೆ ಅಧ್ಯಕ್ಷೆಯವರು ಸೋತು, ವಾದ ಮಾಡಲು ಕಲಿತವಳು ಒಬ್ಬಳಿದ್ದಾಳಲ್ಲ, ಅವಳೇ ತೀರ್ಪು ಕೊಡಲಿ ಎಂದರು. ಎಲ್ಲ ಕತ್ತುಗಳೂ ನನ್ನ ಕಡೆ ತಿರುಗಿದವು. ಅಕ್ಕನ ಕತ್ತೂ. ಅವಳು ಅದೇ ಸೀರೆ ಉಟ್ಟುಕೊಂಡು ಶಿವಮೊಗ್ಗದಿಂದ ಬಂದಿದ್ದಳು.

ಈ ಸಲ ಎಲೆಯೂ ಇರಲಿಲ್ಲ, ತಟ್ಟೆಯೂ ಇರಲಿಲ್ಲ. ನಿಜ ಹೇಳಿದರೆ ಯಾರ ಮದುವೆಯೂ ಮುರಿಯುತ್ತಿರಲಿಲ್ಲ. ಎದ್ದು ನಿಂತೆ. ಬಾಗಿಲ ಬಳಿ ಗುಜರಿ ಸಾಬರ ಕೈ ಮತ್ತೆ ಟೋಪಿಗೆ ಹೋದದ್ದು ಕಾಣಿಸಿತು.

ಯಾವ ಗಿಡ ನೆಟ್ಟರೂ ಮಿಕ್ಕವರಿಗೆ ಬೇಸರ, ಅದೂ ಅಲ್ಲದೆ ಯಾವ ಗಿಡಕ್ಕಾದರೂ ನೀರು ಬೇಕು, ಅಂಗಳದಲ್ಲಿ ನೀರೇ ಇಲ್ಲ, ಆದ್ದರಿಂದ ಮೇಷ್ಟ್ರ ಹೆಸರಲ್ಲಿ ಒಂದು ನಲ್ಲಿ ಹಾಕಿಸೋಣ, ಅದಕ್ಕಿಂತ ಅವರಿಗೆ ಒಪ್ಪುವ ಸ್ಮಾರಕ ಬೇರೊಂದಿಲ್ಲ ಎಂದೆ. ದೊಡ್ಡ ಚಪ್ಪಾಳೆ ಬಿತ್ತು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಸಾಬರು ಬಹಳ ಹೊತ್ತು ಕೆಮ್ಮಿದರು. ಕೆಮ್ಮು ನಿಂತ ಮೇಲೆ ಎದ್ದು, ನಲ್ಲಿಗೆ ಬೇಕಾದ ವಾಲ್ವು ನನ್ನ ಅಂಗಡಿಯಿಂದ, ಅದಕ್ಕೊಂದು ಒಳ್ಳೇ ಚಕ್ರವೂ ಇದೆ ಎಂದರು.

ನಲ್ಲಿ ಬಂತು. ಮೊಳೆಯ ಮೇಲಿದ್ದ ಆ ಎರಡನೇ ಚಕ್ರವನ್ನೇ ಸಾಬರು ತಿಕ್ಕಿ ತೊಳೆದು ಕೂರಿಸಿದ್ದರು: ಐದು ಎಸಳು, ಚೌಕದ ತೂತಿನಲ್ಲಿ ಸರಳು ಭದ್ರವಾಗಿ ಕೂತಿತ್ತು. ಇನ್ನು ಯಾರೂ ಏನೂ ಹೇಳಬೇಕಿಲ್ಲ, ನೋಡಿದವರಿಗೆ ತಾನೇ ತಿಳಿಯುತ್ತದೆ ಎಂದು ನಾನು ನಂಬಿದ್ದೆ. ಉದ್ಘಾಟನೆಯ ದಿನ ಪಕ್ಕದಲ್ಲೇ ನಿಂತೆ.

ಅಧ್ಯಕ್ಷೆಯವರು ಅದಕ್ಕೆ ಕುಂಕುಮ ಹಚ್ಚಿ, ಬಗ್ಗಿ ನೋಡಿ, ಕಣ್ಣು ತುಂಬಿಕೊಂಡರು. ಬೆರಳಿನಿಂದ ಒಂದೊಂದೇ ಎಸಳು ಮುಟ್ಟಿದರು.

“ಸಾಬರ ಭಕ್ತಿ ನೋಡಿ,” ಎಂದರು ಎಲ್ಲರ ಕಡೆ ತಿರುಗಿ. “ಮೇಷ್ಟ್ರ ಮಲ್ಲಿಗೆನೇ ಕಬ್ಬಿಣದಲ್ಲಿ ಎರಕ ಹೊಯ್ಸಿದಾರೆ.”

“ತುಂಬೆ,” ಎಂದರು ನಮ್ಮಮ್ಮ.

ಚಕ್ರ ತಿರುಗಿತು. ನೀರು ಬಂತು.